ಬಾವಿ ಮನೆಯವರು, ಇಬ್ಬರು

ಹಾಲಗಟ್ಟಿ,
ಕ್ರಿಸ್ತಶಕ 2191, ಫೆಬ್ರವರಿ 30, ಶನಿವಾರ

ಹಾಲಗಟ್ಟಿ ಸಭೆಯ ಕರೆಯವ್ವ, ಮಾನ್ಯರಾದ ಕರುಣವ್ವನವರಿಗೆ ಅದೇ ಸಭೆಯ ಈಗಿನ ಕರೆಯವ್ವ ನೀತವ್ವ ಮಾಡುವ ವಂದನೆಗಳು.

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ಫೆಬ್ರವರಿಗೆ ಮೂವತ್ತು ದಿನ ಬಂದು ನಮ್ಮಲ್ಲಿ ಎರಡು ತಲೆಮಾರಾಯಿತು. ತಿಂಗಳುಗಳನ್ನು ಸರಿಮಾಡುವಾಗ ಜುಲೈಯಿಂದ ಒಂದು, ಆಗಸ್ಟಿನಿಂದ ಒಂದು ದಿನ ಕಿತ್ತು ಈ ಬಡಪಾಯಿ ತಿಂಗಳಿಗೆ ಕೊಟ್ಟರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಕ್ಷಮೆ ಇರಲಿ. ನಾವು ಈಗ ಮನೆಯಲ್ಲಿ ಆಡುವುದನ್ನು ಹಾಗೇ ಬರೆದರೆ ನಿಮಗೆ ಅರ್ಧವೂ ತಿಳಿಯದು. ಹಾಗಾಗಿ ಹಳೆಯ ಅಚ್ಚಿನ ಕನ್ನಡವನ್ನು ಕಲಿತು, ತಿದ್ದಿಸಿಕೊಂಡು, ಕೆಲವು ಕಡೆ ಹಟದಿಂದ ತಿದ್ದಿಸಿಕೊಳ್ಳದೆ ಬರೆಯುತ್ತಿದ್ದೇನೆ. ಜನ ಆಡಿದ ಮಾತನ್ನು ಮಾತ್ರ ನಿಮ್ಮ ಕಿವಿಗೆ ಒಗ್ಗುವ ಹಾಗೆ ಇಳಿಸಿದ್ದೇನೆ. ಹುಟ್ಟಿನ ಲೆಕ್ಕದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು, ಈ ಹೊತ್ತಿನ ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರು. ಹೇಗೆ ಕರೆಯಬೇಕೆಂದು ಯೋಚಿಸಿ ಸಾಕಾಗಿ, ಅವ್ವಾ ಎಂದೇ ಕರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಬೇಡಿ, ನಿಮ್ಮೂರಿನವರಿಗೆ ವಿಮಾನ ಹೇಗೆ ಹಾರುತ್ತದೆಂದು ಎಷ್ಟು ಗೊತ್ತೋ ನನಗೆ ಇದು ಅಷ್ಟೇ ಗೊತ್ತು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಅದರಿಂದ ನಡೆದುಹೋದದ್ದೇನೂ ಬದಲಾಗುವುದಿಲ್ಲ, ಯಾಕೆಂದರೆ ಪತ್ರ ತಲುಪಿದ್ದೂ ಆ ನಡೆದುಹೋದದ್ದರಲ್ಲೇ ಸೇರಿರುತ್ತದೆ ಎಂದು ಅಲ್ಲಿಯ ಗುಮಾಸ್ತ ವಿವರಿಸಿದ. ಅರ್ಥವಾದವಳ ಹಾಗೆ ತಲೆ ಅಲ್ಲಾಡಿಸಿ ಬಂದೆ. ಬಹಳ ಮಂದಿ ತಮ್ಮ ಪತ್ರವನ್ನು ತೀರಿಹೋದ ತಾಯಿಗೋ ತಂದೆಗೋ ಬರೆಯುತ್ತಾರೆ. ನನ್ನ ತಂಗಿ ಅಮ್ಮನ ಉಪ್ಪಿನಕಾಯಿಯ ಅಳತೆ ಕೇಳಿ ಬರೆದಳು, ಉತ್ತರ ಬರುವ ವ್ಯವಸ್ಥೆಯೇ ಇಲ್ಲವೆಂದು ಆಮೇಲೆ ತಿಳಿದು ಅತ್ತಳು. ನಾನು ನನ್ನ ಪತ್ರವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಇಂದು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಾಳೆ ನಿಮ್ಮಲ್ಲೂ ಕರ್ತನ ಭೋಜನದ ಭಾನುವಾರ, ನಮ್ಮಲ್ಲೂ.

ಮೊದಲು ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ನನ್ನವರೆಗೆ ಬಂದ ಕಥೆ ಸರಿಯೋ ತಪ್ಪೋ ನೀವೇ ತಾಳೆ ನೋಡಿ. ನಮ್ಮ ಈ ಕ್ರೈಸ್ತ ಸಭೆ ಹುಟ್ಟಿದ್ದು ಹಳೆಯ ಬರಗಾಲದಲ್ಲಿ. ಎಲ್ಲೆಲ್ಲಿಂದಲೋ ನಡೆದು ಬಂದವರು, ತಮ್ಮವರನ್ನೆಲ್ಲ ದಾರಿಯಲ್ಲಿ ಮಣ್ಣುಮಾಡಿದವರು, ಯಾರದೋ ಕೂಸನ್ನು ಎತ್ತಿಕೊಂಡು ಬಂದವರು ಗಂಜಿಮನೆಯ ಸುತ್ತ ಗುಡಿಸಲು ಹಾಕಿಕೊಂಡರು. ಮೊದಲ ಸಲ ಭೋಜನ ನಡೆಸುವಾಗ ಯಾರು ಯಾವ ಮನೆತನವೆಂದು ಕೇಳಿದರೆ ಉತ್ತರ ಕೊಡಲು ಯಾರಿಗೂ ಏನೂ ಇರಲಿಲ್ಲ. ಆಗ ಹಿರಿಯರು ರಕ್ತವನ್ನು ಬಿಟ್ಟು ಒಲೆಯನ್ನು ಹಿಡಿದರು. ಒಂದು ಒಲೆಯಲ್ಲಿ ಉಣ್ಣುವವರೆಲ್ಲ ಒಂದು ಮನೆ. ಭೋಜನದ ಹಿಂದಿನ ದಿನ ಕರೆಯವ್ವ ಪಾತ್ರೆ ಹಿಡಿದು ಒಂದೊಂದು ಒಲೆಯಿಂದ ಒಂದೊಂದು ಮುಷ್ಟಿ ಹಿಟ್ಟು ತರಬೇಕು. ಆ ಹಿಟ್ಟೆಲ್ಲ ಸೇರಿಸಿ ಒಂದೇ ರೊಟ್ಟಿ. ಮರುದಿನ ಆಕೆ ಮೇಜಿನ ಪಕ್ಕ ನಿಂತು ಮನೆಯ ಹೆಸರು, ಎಷ್ಟು ಮಂದಿ ಎಂಬ ಎಣಿಕೆ ಕೂಗುತ್ತಾಳೆ. ಕರೆ ಕೇಳಿದ ಮನೆ ಎದ್ದು ಬಂದು ಒಟ್ಟಿಗೆ ನಿಂತು ರೊಟ್ಟಿ ಮುರಿದುಕೊಳ್ಳುತ್ತದೆ. ಬೇರೆ ಊರಿನ ಸಭೆಗಳವರು ಇದನ್ನು ಕಂಡು ನಗುತ್ತಿದ್ದರಂತೆ, ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಾರೆ ಇವರು ಎಂದು.

ನಿಮ್ಮೂರಿನ ಬಾವಿ ಮನೆಯಲ್ಲಿ ಟೇಲರ್ ಜಯಶೀಲ ಇದ್ದಾರೆ. ಬಸ್ ಡಿಪೋದ ಮೆಕ್ಯಾನಿಕ್ ಎಬಿನೇಜರ್ ಅದೇ ಮನೆಯಲ್ಲಿ ಬಾಡಿಗೆಯವನೆಂದು ಬಂದು ಸೇರಿ ಇಪ್ಪತ್ತು ವರ್ಷದ ಮೇಲಾಗಿದೆ. ಎಬಿನೇಜರ್ ಮಾಡುವ ಅಡುಗೆಯನ್ನೇ ಇಬ್ಬರೂ ಉಣ್ಣುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕೆಲಸಕ್ಕೆ ರಜೆ ಹಾಕುತ್ತಾರೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆದರೂ ಭೋಜನದ ದಿನ ಎಬಿನೇಜರ್ ಕಂಬಾರ ಓಣಿಯ ತನ್ನ ತಮ್ಮನ ಮನೆಯ ಎಣಿಕೆಯಲ್ಲಿ ಎದ್ದು ಹೋಗುತ್ತಾರೆ, ಆ ಮನೆಯ ಒಲೆಯಲ್ಲಿ ಒಂದು ಹೊತ್ತೂ ಉಣ್ಣದಿದ್ದರೂ. ನಿಮ್ಮ ಕಾಲದಲ್ಲಿ ಗಂಡಸರಿಗೆ ಎಡಗಡೆ ಚಾಪೆ, ಹೆಂಗಸರಿಗೆ ಬಲಗಡೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಇಡೀ ಸಭೆಯಲ್ಲಿ ಪಕ್ಕಪಕ್ಕ ಕೂತು ಕೀರ್ತನೆ ಹಾಡುತ್ತಿದ್ದ ಜೋಡಿ ಎಂದರೆ ಅವರಿಬ್ಬರೇ ಎಂಬುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಮೂರು ತಿಂಗಳ ಹಿಂದೆ, ಕಳೆದ ಭೋಜನದ ಹಿಂದಿನ ದಿನ, ನೀವು ಪಾತ್ರೆ ಹಿಡಿದು ಬಾವಿ ಮನೆಯ ಮುಂದೆ ನಿಂತಿರಿ. ಜಯಶೀಲ ಮದುವೆಯ ಬಟ್ಟೆ ಹೊಲಿಯುತ್ತಾ ಮಷಿನ್ ಬಿಟ್ಟು ಏಳಲಿಲ್ಲ. “ಎಬೀ, ನೀನ ಹಾಕೋ ಹಿಟ್ಟು, ನನ್ನ ಕೈಯಾಗ ಬಟ್ಟಿ ಐತಿ” ಅಂದರು. ಎಬಿನೇಜರ್ ಬಂದು ಮುಷ್ಟಿ ತುಂಬ ಹಿಟ್ಟು ಹಾಕಿದರು. ನಮ್ಮ ಸಭೆಯಲ್ಲಿ ಹಿಟ್ಟು ಹಾಕಿದ ಕೈ ಆ ಮನೆಯ ಕೈ. ನಿಮಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮರುದಿನ ಮೇಜಿನ ಪಕ್ಕ ನಿಂತಾಗ ಬಾಯಿ ತಾನೇ ಕೂಗಿತು: “ಬಾವಿ ಮನಿಯವರು, ಇಬ್ಬರು.” ಎಬಿನೇಜರ್ ಒಮ್ಮೆ ತಮ್ಮನ ಕಡೆ ನೋಡಿದರು, ಒಮ್ಮೆ ನಿಮ್ಮ ಕಡೆ ನೋಡಿದರು. ಇಬ್ಬರೂ ಎದ್ದು ಬಂದರು. ಒಟ್ಟಿಗೆ ನಿಂತು ಮುರಿದುಕೊಂಡರು. ಜಯಶೀಲರ ಕೈಯಿಂದ ಚೂರು ಕೆಳಗೆ ಬಿತ್ತು, ಎಬಿನೇಜರ್ ಬಗ್ಗಿ ಎತ್ತಿಕೊಟ್ಟರು.

ಆಮೇಲಿನ ಮೂರು ತಿಂಗಳು ನಿಮಗೆ ಹೇಗೆ ಕಳೆದವೆಂದು ನಾನು ಹೇಳಬೇಕಾಗಿಲ್ಲ. ಹಿರಿಯರ ಸಮಿತಿ ಮೇಲಿಂದ ಮೇಲೆ ಕೂಡಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂತು: ನಾಳೆ ಕರೆಯವ್ವ ಎಲ್ಲರ ಮುಂದೆ ಅದು ಬಾಯಿತಪ್ಪೆಂದು ಹೇಳಬೇಕು, ಇಬ್ಬರೂ ಬೇರೆಯಾಗಿ ಪಶ್ಚಾತ್ತಾಪ ಪಡುವವರೆಗೆ ಬಾವಿ ಮನೆಯಿಂದ ಹಿಟ್ಟು ತರಬಾರದು, ಆ ಮನೆಯನ್ನು ಕೂಗಬಾರದು. ಇದನ್ನು ನಿಮಗೆ ತಿಳಿಸಲು ಬಂದವರು ಸಮಿತಿಯ ಅಧ್ಯಕ್ಷರೂ ನಿಮ್ಮ ಒಡಹುಟ್ಟಿದ ಅಣ್ಣನೂ ಆದ ಸತ್ಯಾನಂದ ಮಾಸ್ತರರು. ಅಂಗಳದಲ್ಲಿ ನಿಂತೇ ಹೇಳಿದರು. “ತಂಗೀ, ಬಾಯಿ ತಪ್ಪಿ ಕೂಗೀನಿ ಅಂತ ಒಂದು ಮಾತು ಅಂದ್ಬಿಡು, ಅಷ್ಟ ಸಾಕು. ಯಾರೂ ನಿನಗ ಏನೂ ಅನ್ನಂಗಿಲ್ಲ. ಇಲ್ಲಂದ್ರ ನಾಳೆ ನಮ್ಮ ಹುಡುಗರಿಗೆ ನಾ ಏನಂತ ಕಲಸ್ಲಿ? ವಾಕ್ಯ ಒಂದು ಹೇಳತದ, ನಮ್ಮ ಮೇಜು ಇನ್ನೊಂದು ಹೇಳತದ ಅಂತ ಕಲಸ್ಲೇನು?” ನಿಮಗೆ ಅಕ್ಷರ ಕಲಿಸಿದ್ದು ಅದೇ ಅಣ್ಣ, ಗಂಡ ತೀರಿಕೊಂಡಾಗ ಮನೆಗೆ ಕರೆತಂದದ್ದು ಅದೇ ಅಣ್ಣ. ಅವರು ಕೆಟ್ಟವರಾಗಿದ್ದರೆ ನಿಮ್ಮ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ಅಣ್ಣನವರು ತೋರಿಸಿದ ಬೈಬಲಿನ ವಾಕ್ಯಗಳನ್ನು ನಾವೇನೂ ಹರಿದು ಹಾಕಿಲ್ಲ. ನಮ್ಮಲ್ಲೂ ಅವು ಇವೆ, ಓದುತ್ತೇವೆ, ಓದಿ ಜಗಳವನ್ನೂ ಆಡುತ್ತೇವೆ. ಬಲವಂತದಿಂದ ಇನ್ನೊಬ್ಬರ ಮೈ ಕೆಡಿಸಿದವರನ್ನು ಖಂಡಿಸಿದ ಮಾತನ್ನು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ರಜೆ ಹಾಕಿ ಬಾಳಿದ ಇಬ್ಬರ ಮೇಲೆ ಹೇರಬಹುದೇ ಎಂದು ನಾವು ಕೇಳುತ್ತೇವೆ. ಕರ್ತನು ಯಾರ ಯಾರ ಜೊತೆ ಊಟಕ್ಕೆ ಕೂತನು, ಅದನ್ನು ಕಂಡು ಯಾರ ಯಾರ ಮುಖ ಕೆಂಪಾಯಿತು ಎಂಬುದೂ ಅದೇ ಪುಸ್ತಕದಲ್ಲಿದೆ, ಅದನ್ನೂ ಓದುತ್ತೇವೆ. ಎಲ್ಲರೂ ಒಪ್ಪಿದ್ದಾರೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನಿಮ್ಮ ವಿಷಯ ಅಷ್ಟು ದೂರ ಹೋಗಬೇಕಾದ್ದೇ ಇರಲಿಲ್ಲ. ನೀವು ತಪ್ಪು ಕೂಗಲಿಲ್ಲ, ಅವ್ವಾ. ನಮ್ಮ ಸಭೆಯ ಕಟ್ಟಳೆಯ ಪ್ರಕಾರ ನೀವು ಕೂಗಿದ್ದೇ ಸರಿ. ಅದಕ್ಕೆ ಮೊದಲಿನ ಇಪ್ಪತ್ತು ವರ್ಷ ಕೂಗಿದ್ದು ತಪ್ಪು. ಒಲೆ ಒಂದಿರುವ ಕಡೆ ಮನೆ ಎರಡೆಂದು ಎಣಿಸಿದ್ದು, ಅದೂ ಪವಿತ್ರ ಮೇಜಿನ ಪಕ್ಕ ನಿಂತು, ಸುಳ್ಳಲ್ಲವೇ? ಈ ಮಾತು ನಿಮಗೆ ಹೊಳೆಯದೆ ಇಲ್ಲ. ಆಚೆ ಓಣಿಯ ಹೆಂಗಸರ ಮುಂದೆ ನೀವೇ ಅದನ್ನು ಆಡಿದ್ದೀರಿ, ಅವರ ಮೂಲಕವೇ ನಮಗೆ ಬಂದಿದೆ. ಸಮಿತಿಯ ಮುಂದೆ ಮಾತ್ರ ಅದನ್ನು ಆಡಲಿಲ್ಲ.

ಇನ್ನು ನಮ್ಮ ಕಾಲದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಆರಾಧನೆ ನಸುಕಿನಲ್ಲಿ ಶುರುವಾಗಿ ಹೊತ್ತು ಏರುವ ಮೊದಲೇ ಮುಗಿಯುತ್ತದೆ, ಯಾಕೆಂದರೆ ಆಮೇಲೆ ನೆರಳುಗಂಟೆ. ನೆರಳುಗಂಟೆ ಎಂದರೆ ಬಿಸಿಲಲ್ಲಿ ಹೊರಗೆ ಓಡಾಡಬಾರದ ಹೊತ್ತು, ಮಧ್ಯಾಹ್ನಪೂರ್ತಿ ಬೀದಿಗಳಲ್ಲಿ ನಾಯಿಯೂ ಇರುವುದಿಲ್ಲ. ನಿಮ್ಮ ಕಾಲದ ಹೆಂಚಿನ ಚಾವಣಿಯ ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದೇವೆ, ಅದನ್ನು ಮೇಯಲು ಹತ್ತಿದ ಮೇಕೆಯೊಂದು ಉಪದೇಶದ ನಡುವೆ ಕೂಗಿ ಬೋಧಕರಿಗಿಂತ ಹೆಚ್ಚು ಜನರನ್ನು ಎಬ್ಬಿಸಿದ್ದುಂಟು. ಗೋಧಿ ನಮಗೆ ಸಿಗುವುದಿಲ್ಲ, ನವಣೆ ಹಿಟ್ಟಿನ ರೊಟ್ಟಿ, ದ್ರಾಕ್ಷಿಯ ಬದಲು ನೇರಳೆ ರಸ. ರಸ ಕುಡಿದ ಮೇಲೆ ಎಲ್ಲರ ನಾಲಗೆಯೂ ನೀಲಿ, ಯಾರು ಮೇಜಿಗೆ ಬಂದರು ಯಾರು ಬರಲಿಲ್ಲ ಎಂದು ಮಕ್ಕಳು ನಾಲಗೆ ನೋಡಿ ಹೇಳುತ್ತಾರೆ. ಎಡ ಚಾಪೆ ಬಲ ಚಾಪೆ ಹೋಗಿ ಬಹಳ ಕಾಲವಾಯಿತು, ಮನೆ ಮನೆಯಾಗಿ ಕೂರುತ್ತೇವೆ. ನಿಮ್ಮ ಗುಡ್ಡಗಳ ಮೇಲೆ ಕರೆಂಟಿಗಾಗಿ ತಿರುಗುತ್ತಿದ್ದ ಗಾಳಿಕಂಬಗಳು ನಿಂತುಹೋದವು. ಅವುಗಳ ಬುಡ ಒಳಗೆ ಪೊಳ್ಳು, ಗೋಡೆ ದಪ್ಪ, ತಂಪಾಗಿರುತ್ತದೆ, ಅದರಲ್ಲಿ ಜನ ಸಂಸಾರ ಹೂಡಿದ್ದಾರೆ. ಮನೆ ಗುಂಡಗಿರುವುದರಿಂದ ಕಪಾಟು ಯಾವ ಗೋಡೆಗೂ ಕೂರುವುದಿಲ್ಲ ಎಂಬುದೊಂದೇ ಅವರ ಗೋಳು.

ಆ ಗಾಳಿಕಂಬಗಳಲ್ಲಿ ಹೆಚ್ಚಿನವರು ಕಡಲು ಬಿಟ್ಟವರು. ಸಮುದ್ರ ಒಳಗೆ ಬಂದು ಊರು ನುಂಗಿದಾಗ ಘಟ್ಟ ಹತ್ತಿ ಬಂದವರನ್ನು ನಾವು ಹಾಗೆ ಕರೆಯುತ್ತೇವೆ. ಕ್ರೈಸ್ತರು ನಮ್ಮ ಸಭೆಗೆ ಸೇರಿದರು, ಈಗ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಒಳ್ಳೆಯ ಜನ, ಹಾಡು ಅವರದ್ದೇ ಚೆಂದ, ಮೀನಿಲ್ಲದ ಊರಿಗೆ ಬಂದೆವೆಂದು ಮಾತ್ರ ದಿನಕ್ಕೊಮ್ಮೆ ಅಳುತ್ತಾರೆ. ಅವರ ಬೋಧಕರು ಅಮೃತ ಕುಂದರ್. ಅವರೊಂದಿಗೆ ಬಂದ ಸುಕೃತಾ ಎಂಬ ಹುಡುಗಿ ಇಲ್ಲಿಯ ಹನ್ನಾಳನ್ನು ಮೆಚ್ಚಿದಳು. ಸುಕೃತಾಳ ತೀರಿಹೋದ ಅಕ್ಕನ ಮಗುವನ್ನು ಇಬ್ಬರೂ ಸಾಕುತ್ತಾ ಕೊನೆಯ ಗಾಳಿಕಂಬದಲ್ಲಿ ಒಲೆ ಹೂಡಿದ್ದಾರೆ. ಕಳೆದ ವರ್ಷವೆಲ್ಲ ನಾನು ಅವರನ್ನು ‘ಕೊನೆ ಕಂಬದ ಮನೆಯವರು, ಮೂವರು’ ಎಂದು ಕೂಗಿದೆ, ಮೂವರೂ ಬಂದು ಉಂಡು ಹೋದರು. ನಮ್ಮಲ್ಲಿ ಅದೇನೂ ಸುದ್ದಿಯಲ್ಲ. ಆದರೆ ಕಡಲು ಬಿಟ್ಟವರ ಎದೆಗೆ ಅದು ಚುಚ್ಚಿತು. ಅವರಲ್ಲಿ ಇಂಥದ್ದು ಇರಲಿಲ್ಲ. ಈ ವರ್ಷ ಸಮಿತಿಯಲ್ಲಿ ಅವರ ಕೈಗಳೇ ಹೆಚ್ಚು ಎದ್ದವು. ತೀರ್ಮಾನ ನನಗೆ ಮುಟ್ಟಿತು: ನಾಳೆಯಿಂದ ಕೊನೆ ಕಂಬದ ಮನೆಯನ್ನು ಕೂಗಬಾರದು. ಕೂಗಿದರೆ ಬೇರೆ ಕರೆಯವ್ವನನ್ನು ನೋಡಿಕೊಳ್ಳುತ್ತಾರೆ.

ಅದನ್ನು ಹೇಳಲು ಕುಂದರ್ ತಾವೇ ಬಂದರು, ನಿಮ್ಮ ಅಣ್ಣನ ಹಾಗೆ. ಕಣ್ಣೊರೆಸಿಕೊಂಡು ಹೇಳಿದರು. “ನಾವು ಎಲ್ಲ ಬಿಟ್ಟು ಬಂದವರು ನೀತಮ್ಮ. ಮನೆ ಹೋಯ್ತು, ಚರ್ಚ್ ಹೋಯ್ತು, ಅಪ್ಪ ಅಮ್ಮನ ಸಮಾಧಿ ಕೂಡ ಈಗ ನೀರಿನ ಅಡಿಯಲ್ಲಿ ಉಂಟು. ಉಳಿದದ್ದು ಹಿರಿಯರು ಕೊಟ್ಟ ನಂಬಿಕೆ ಒಂದೇ. ಅದನ್ನೂ ಬದಲಿಸಿ ಅಂತ ಹೇಳಿದ್ರೆ ಮತ್ತೆ ನಾವು ಯಾರು?” ನಾನು ಅವರಿಗೆ ನೀರು ಕೊಟ್ಟೆ. ಅವರ ದುಃಖ ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ದುಃಖದ ಬೆಲೆಯನ್ನು ಸುಕೃತಾ ಯಾಕೆ ತೆರಬೇಕು? ಅವಳೂ ಅದೇ ನೀರಿನಲ್ಲಿ ಎಲ್ಲ ಕಳೆದುಕೊಂಡು ಬಂದವಳು, ಅವಳಿಗೆ ದೀಕ್ಷಾಸ್ನಾನ ಕೊಟ್ಟವರು ಇದೇ ಕುಂದರ್. ಮರುದಿನ ಅವಳು ಬಂದು ನನ್ನ ಪಕ್ಕ ಕೂತಳು. “ಬೈದಿದ್ರೆ ಸಹಿಸ್ತಿದ್ದೆ ದೊಡ್ಡಮ್ಮ. ಅವರು ಅಳ್ತಾ ಹೇಳಿದ್ರು. ಅದಕ್ಕೆ ಏನಂತ ಉತ್ತರ ಕೊಡುವುದು?” ನನ್ನ ಹತ್ತಿರ ಇರುವುದು ಒಂದು ಪಾತ್ರೆ, ಒಂದು ಗಂಟಲು.

ಇವತ್ತು ಬೆಳಿಗ್ಗೆ ಆ ಪಾತ್ರೆ ಹಿಡಿದು ಹೊರಟೆ. ಕೊನೆ ಕಂಬದ ಮುಂದೆ ನಿಂತೆ, ಹನ್ನಾ ಮಗುವಿನ ಕೈಯಿಂದ ಹಿಟ್ಟು ಹಾಕಿಸಿದಳು. ಅದು ಚಿಕ್ಕ ಮುಷ್ಟಿಯಾಯಿತೆಂದು ಮಗುವೇ ಇನ್ನೊಂದು ಮುಷ್ಟಿ ಹಾಕಿತು. ಅಲ್ಲಿಂದ ನೇರ ಕುಂದರ್ ಮನೆಗೆ ಹೋದೆ. ಅವರು ಮುಷ್ಟಿಯಲ್ಲಿ ಹಿಟ್ಟು ಹಿಡಿದು ಬಾಗಿಲಿಗೆ ಬಂದು ಪಾತ್ರೆಯೊಳಗೆ ನೋಡಿದರು. ಪಾತ್ರೆಯಲ್ಲಿ ಯಾರ ಹಿಟ್ಟು ಬಿದ್ದಿದೆಯೆಂದು ಅವರಿಗೆ ಗೊತ್ತಿತ್ತು, ನಾನೂ ಮುಚ್ಚಿಡಲಿಲ್ಲ. ಕೊನೆಗೆ ಹಾಕಿದರು. “ಹಿಟ್ಟು ಕೊಡ್ತೇನೆ ಅಮ್ಮ. ನಾಳೆ ಎದ್ದು ಬರ್ತೇನೆ ಅಂತ ಮಾತ್ರ ಹೇಳುವುದಿಲ್ಲ” ಅಂದರು. ಸರಿ ಎಂದೆ. ಈಗ ಆ ಎರಡು ಹಿಟ್ಟನ್ನೂ ಬೇರೆ ಮಾಡಲು ಯಾವ ಸಮಿತಿಯಿಂದಲೂ ಆಗುವುದಿಲ್ಲ. ನಾಳೆ ಕೊನೆ ಕಂಬದ ಮನೆಯನ್ನೂ ಕೂಗುತ್ತೇನೆ, ಕುಂದರ್ ಮನೆಯನ್ನೂ ಕೂಗುತ್ತೇನೆ. ಏಳುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಕೂಗದೆ ಇರುವುದು ಮಾತ್ರ ನನ್ನಿಂದಾಗದು. ನಾಡಿದ್ದಿನಿಂದ ನಾನು ಕರೆಯವ್ವ ಅಲ್ಲದಿರಬಹುದು. ಮೊಣಕಾಲು ನೋವಿಗೆ ಅದೂ ಒಳ್ಳೆಯದೇ.

ಇನ್ನು ನಿಮ್ಮ ವಿಷಯ. ನಾಳೆ ನೀವು ಏನು ಮಾಡುತ್ತೀರೆಂದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹಿಂದಂಚೆಯ ನಿಯಮದಲ್ಲಿ ಸಾವಿನ ದಿನ ಬರೆಯುವ ಹಾಗಿಲ್ಲ, ಮಿಕ್ಕದ್ದಕ್ಕೆ ಅಡ್ಡಿಯಿಲ್ಲ. ಸಕ್ಕರೆ ಹಚ್ಚದೆ ಹೇಳುತ್ತೇನೆ. ನಾಳೆ ನೀವು ಬಾಯಿತಪ್ಪೆಂದು ಹೇಳುವುದಿಲ್ಲ. ಬಾವಿ ಮನೆಯವರನ್ನು ಕೂಗುತ್ತೀರಿ, ಇಬ್ಬರು ಎಂದು, ಈ ಸಲ ತಿಳಿದೇ ಕೂಗುತ್ತೀರಿ. ನಿಮ್ಮ ಅಣ್ಣ ತಮ್ಮ ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಹೋಗುತ್ತಾರೆ, ಅವರ ಹಿಂದೆ ಇನ್ನೂ ಅನೇಕರು ಹೋಗುತ್ತಾರೆ. ಮರುವಾರವೇ ನಿಮ್ಮನ್ನು ಕರೆಯವ್ವನ ಕೆಲಸದಿಂದ ತೆಗೆಯುತ್ತಾರೆ, ಪಾತ್ರೆಯನ್ನು ಬೇರೊಬ್ಬರ ಕೈಗೆ ಕೊಡುತ್ತಾರೆ. ಬಾವಿ ಮನೆಯನ್ನು ಯಾರೂ ಕೂಗುವುದಿಲ್ಲ. ಆದರೂ ಅವರಿಬ್ಬರು ಪ್ರತಿ ಭೋಜನದ ಭಾನುವಾರ ಬಂದು ಎಡ ಚಾಪೆಯ ಮೇಲೆ ಪಕ್ಕಪಕ್ಕ ಕೂತು, ಉಣ್ಣದೆ, ಕೊನೆಯ ಕೀರ್ತನೆ ಹಾಡಿ ಮನೆಗೆ ಹೋಗುತ್ತಾರೆ. ವರ್ಷಗಟ್ಟಲೆ.

ಆದರೆ ಹಿಟ್ಟು ಹೆಂಗಸರ ಕೈಯಲ್ಲಿತ್ತು, ಅದನ್ನು ಹಿರಿಯರು ಮರೆತಿದ್ದರು. ಮೊದಲ ಸಲ ಒಂದೆರಡು ಮನೆಯವರು ಹೊಸ ಕರೆಯವ್ವನ ಪಾತ್ರೆಗೆ ಹಿಟ್ಟು ಹಾಕಲಿಲ್ಲ. “ಬಾವಿ ಮನಿಗೆ ಹೋಗಿ ಬರ್ರಿ, ಆಮ್ಯಾಲೆ ಕೊಡತೀವಿ” ಅಂದರು. ಜಗಳವಿಲ್ಲ, ಕೂಗಾಟವಿಲ್ಲ. ಮುಂದಿನ ಸಲ ಇನ್ನಷ್ಟು ಮನೆ. ಗಂಡಂದಿರು ಗದರಿಸಿದರೆ ಹಿಟ್ಟು ತೀರಿದೆ ಎಂದರು. ಒಲೆಯ ಮೇಲೆ ರೊಟ್ಟಿ ಬೇಯುತ್ತಿರುವಾಗಲೇ ಹಿಟ್ಟು ತೀರಿದೆ ಎಂದರು! ವರ್ಷಗಳು ಕಳೆದಂತೆ ಕರ್ತನ ರೊಟ್ಟಿ ಅಂಗೈಯಷ್ಟಾಯಿತು, ಹಂಚಲು ಸಾಲದಾಯಿತು. ಕೊನೆಗೆ ಸಭೆಯ ಬೋಧಕರಾದ ಸಭಾಪಾಲಕರೇ ಒಂದು ಶನಿವಾರ ಪಾತ್ರೆ ಹಿಡಿದು ಬಾವಿ ಮನೆಯ ಮುಂದೆ ನಿಂತರು. ಅಷ್ಟು ಹೊತ್ತಿಗೆ ಎಬಿನೇಜರ್ ಇರಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ಹಿಂಜರಿಯುತ್ತಿದೆ, ಆದರೂ ನಿಮಗೆ ಗೊತ್ತಿರಬೇಕು. ಅವರು ಅದನ್ನು ನೋಡಲಿಲ್ಲ. ಮೇಲಿನವರ ಮನಸ್ಸು ಹಣ್ಣಾಗುವ ಹೊತ್ತಿಗೆ ಕೆಳಗಿನವರು ಉದುರಿರುತ್ತಾರೆ, ನ್ಯಾಯ ತಡವಾಗಿ ಬರುವುದೆಂದರೆ ಇದೇ. ಮರುದಿನ ಕೂಗಬೇಕಾದವಳು ಆ ಹೊತ್ತಿಗೆ ಕರೆಯವ್ವನ ಕೆಲಸಕ್ಕೆ ಬಂದಿದ್ದ ನಿಮ್ಮ ಅಣ್ಣನ ಮಗಳು ಲಿಡಿಯಾ, ತಂದೆಯ ಮನೆ ಬಿಟ್ಟು ನಿಮ್ಮ ಪಕ್ಕ ಬಂದು ನಿಂತವಳು. ಅವಳು ಜಯಶೀಲರ ಹತ್ತಿರ ಹೋಗಿ, ಎಷ್ಟು ಮಂದಿ ಎಂದು ಕೂಗಲಿ ಎಂದು ಮೆಲ್ಲಗೆ ಕೇಳಿದಳು. “ಇಬ್ಬರು ಅನ್ನವಾ” ಅಂದರು ಆತ. ಆಕೆ ಹಾಗೇ ಕೂಗಿದಳು. ಆತ ಒಬ್ಬರೇ ಎದ್ದು ಹೋಗಿ ಎರಡು ಚೂರು ಮುರಿದುಕೊಂಡರು.

ನಿಮ್ಮ ಅಣ್ಣ ಮರಳಿ ಬರಲಿಲ್ಲ. ಬಂದರೆಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತು, ಆದರೆ ಬರಲಿಲ್ಲ. ನಿಮ್ಮ ಮನೆಯ ಮುಂದೆ ಹಾದು ಹೋಗುವಾಗ ಅವರು ನಡಿಗೆ ನಿಧಾನ ಮಾಡುತ್ತಿದ್ದರು, ನಿಲ್ಲುತ್ತಿರಲಿಲ್ಲ ಎಂದು ಲಿಡಿಯಾ ಹೇಳುತ್ತಿದ್ದಳಂತೆ. ಇದು ನೀವು ಕೊಡುವ ಬೆಲೆ. ಕಡಿಮೆಯಾದದ್ದೆಂದು ನಾನು ಹೇಳಲಾರೆ.

ಹಾಗಾದರೆ, ನಡೆಯುವುದು ಹೇಗೂ ನಡೆಯುತ್ತದೆಂದರೆ, ಇರುವ ಒಂದೇ ಪತ್ರವನ್ನು ನಾನು ಯಾಕೆ ಇದಕ್ಕೆ ಹಾಕಿದೆ ಎಂದು ಕೇಳುವಿರಿ. ಲಿಡಿಯಾ ಮುದುಕಿಯಾದ ಮೇಲೂ ಒಂದು ಮಾತನ್ನು ಹೇಳುತ್ತಿದ್ದಳು, ಅದು ಕರೆಯವ್ವನಿಂದ ಕರೆಯವ್ವನಿಗೆ ಇಳಿದು ನನಗೂ ಬಂದಿದೆ. ಆ ಶನಿವಾರ, ಎಂದರೆ ನಿಮಗೆ ಇವತ್ತು, ನೀವು ಬರಿದಾದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಿರಂತೆ. ಲಿಡಿಯಾ ಆಗ ಚಿಕ್ಕವಳು. ಅವಳ ಕಡೆ ನೋಡದೆ ಅಂದಿರಂತೆ: “ಹೌದು, ನೀ ಮಾಡಿದ್ದು ಸರಿ ಅನ್ನಾಕ ಒಬ್ರರೆ ಇದ್ದಿದ್ರ ಸಾಕಿತ್ತು ನೋಡವಾ. ಇಡೀ ಊರಾಗ ಒಬ್ರರೆ.” ಅಷ್ಟು ಹೇಳಿ ಒಳಗೆ ಹೋದಿರಿ, ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದಿರಿ, ಪಾತ್ರೆ ಎತ್ತಿಕೊಂಡು ನೇರ ಬಾವಿ ಮನೆಯ ಕಡೆ ನಡೆದಿರಿ. ಒಳಗೆ ಏನಾಯಿತೆಂದು ಲಿಡಿಯಾಗೆ ಕೊನೆಯವರೆಗೂ ತಿಳಿಯಲಿಲ್ಲ, ಅವಳು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದಳು, ನೀವು ಈ ಕಾಗದ ಓದಿದಿರೆಂದು ನಾನು ಎಂದುಕೊಂಡಿದ್ದೇನೆ. ಇಷ್ಟು ತಲೆಮಾರು ದಾಟಿ ಬಂದ ಆ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಹಿಟ್ಟು ಕೊಡದೆ ಗೆದ್ದ ಹೆಂಗಸರೆಲ್ಲ ಆಮೇಲೆ ಬಂದವರು. ಆ ಹೊತ್ತಿನಲ್ಲಿ ನೀವು ಒಬ್ಬರೇ ಇದ್ದಿರಿ. ಅದು ನನಗೆ ಸಹಿಸಲಾಗುವುದಿಲ್ಲ.

ನನಗೂ ಮುಂದಿನವರು ಯಾರಾದರೂ ಬರೆದಾರೇನೋ ಎಂದು ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತಿದ್ದೇನೆ. ಇದುವರೆಗೆ ಏನೂ ಬಂದಿಲ್ಲ. ಬರದಿದ್ದರೂ ನಾಳೆ ಕೂಗುತ್ತೇನೆ, ನನಗೆ ನೀವಿದ್ದೀರಿ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಬಾವಿ ಮನೆಯ ಮುಂದೆ ನಿಂತಾಗ ತಲೆ ತಗ್ಗಿಸಬೇಡಿ. ನಾಳೆ ಕೂಗುವಾಗ ಹಿಂದಿನ ಸಲದಷ್ಟೇ ಗಟ್ಟಿಯಾಗಿ ಕೂಗಿ, ಚಾಪೆಯ ಕೊನೆಯಲ್ಲಿ ಕೂತವರಿಗೂ ಕೇಳಲಿ. ಎಬಿನೇಜರ್ ಎದ್ದು ಬರುವಾಗ ಅವರ ಮುಖ ಚೆನ್ನಾಗಿ ನೋಡಿಕೊಳ್ಳಿ, ನಮ್ಮಲ್ಲಿ ಯಾರಿಗೂ ಅದು ಹೇಗಿತ್ತೆಂದು ಗೊತ್ತಿಲ್ಲ.

ನೀವು ಕೇಳಿದ ಆ ಒಬ್ಬರು ನಾನು. ಬರುವುದು ತಡವಾಯಿತು.

ಹೌದು, ಅವ್ವಾ. ನೀವು ಮಾಡಿದ್ದು ಸರಿ.

ಇಂತಿ,
ನೀತವ್ವ,
ಹಾಲಗಟ್ಟಿ ಸಭೆಯ ಕರೆಯವ್ವ, ನಾಳೆಯವರೆಗಾದರೂ